ಚಿತ್ರಕಾರ ವೆಂಕಟಪ್ಪನವರು: ಮನೆತನದ ಕೈ ಮತ್ತು ಸ್ವಂತ ಕಣ್ಣು

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು ೧೨೪೬ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವನ್ನು ಕಂಡವರಿಗೆ ಒಂದು ಸಂಗತಿ ನೆನಪಿರಬಹುದು. ಅಲ್ಲಿ ದಕ್ಷಿಣದ ಭಿತ್ತಿಯ ಮೂರ್ತಿಗಳ ಕೆಳಗೆ ಬೈಚೋಜನ ಹೆಸರೂ ಉತ್ತರದ ಭಿತ್ತಿಯ ಮೂರ್ತಿಗಳ ಕೆಳಗೆ ಮಲ್ಲಿತಮ್ಮನ ಹೆಸರೂ ಕೆತ್ತಲ್ಪಟ್ಟಿವೆ. ಇಬ್ಬರಿಗೂ ಶಾಸ್ತ್ರ ಒಂದೇ, ಆಯುಧಾಭರಣಗಳ ಕ್ರಮ ಒಂದೇ, ಕಲ್ಲೂ ಒಂದೇ. ಆದರೂ ಪ್ರದಕ್ಷಿಣೆ ಬರುವವನಿಗೆ ನಡುವೆ ಕೈ ಬದಲಾದದ್ದು ತಿಳಿಯದಿರುವುದಿಲ್ಲ. ಬೈಚೋಜನ ಮೂರ್ತಿಗಳಲ್ಲಿ ನಯವಿದೆ, ಮಲ್ಲಿತಮ್ಮನವುಗಳಲ್ಲಿ ತೂಕವಿದೆ. ಕುಲದಿಂದ ಬಂದ ಕಸುಬಿನಲ್ಲಿ ಒಬ್ಬ ಮನುಷ್ಯನ ಸ್ವಂತದ್ದು ಎಂಬುದು ಎಷ್ಟು, ಎಲ್ಲಿಂದ ಮೊದಲಾಗುತ್ತದೆ ಎಂಬ ಪ್ರಶ್ನೆ ಅಲ್ಲಿ ನಿಂತಾಗಲೆಲ್ಲ ನನ್ನನ್ನು ಕಾಡಿದೆ.

ಕನ್ನಡನಾಡಿನ ಆಧುನಿಕ ಚಿತ್ರಕಲೆಯ ಆದ್ಯರಲ್ಲಿ ಒಬ್ಬರಾದ ಕೆ. ವೆಂಕಟಪ್ಪನವರನ್ನು (೧೮೮೬–೧೯೬೫) ಕುರಿತು ಆಲೋಚಿಸಹೊರಟರೆ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಅವರು ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದಲ್ಲಿ ಹುಟ್ಟಿದವರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದವರು. ಅವರನ್ನು ಕುರಿತ ಬರೆಹಗಳಲ್ಲಿ ಹೆಚ್ಚಿನವು ಎರಡನೆಯ ಸಂಗತಿಗೇ ಒತ್ತು ಕೊಟ್ಟು ಅವರನ್ನು ಬಂಗಾಳ ಪಂಥದ ದಕ್ಷಿಣದ ಪ್ರತಿನಿಧಿಯೆಂದು ಎಣಿಸುತ್ತವೆ. ಈ ಎಣಿಕೆ ತಪ್ಪೆನ್ನಲಾಗದು. ಆದರೆ ಅದು ಸಾಲದು. ಕಲ್ಕತ್ತೆ ಅವರಿಗೆ ವಿಚಾರವನ್ನು ಕೊಟ್ಟಿತು, ತಾನು ಕಲಾವಿದನೆಂಬ ಅಭಿಮಾನವನ್ನು ಕೊಟ್ಟಿತು. ಕೈಯ ಶಿಸ್ತು ಮಾತ್ರ ಮನೆಯಿಂದ ಬಂದದ್ದು, ಮತ್ತು ಅದು ಕೊನೆಯವರೆಗೆ ಅವರನ್ನು ಬಿಡಲಿಲ್ಲ. ಅವರ ಅತ್ಯುತ್ತಮ ಕೃತಿಗಳಾದರೋ ಮನೆಯ ದೇವತಾಚಿತ್ರಗಳನ್ನೂ ಕಲ್ಕತ್ತೆಯ ಪುರಾಣಚಿತ್ರಗಳನ್ನೂ ಬದಿಗಿಟ್ಟು ಒಂಟಿಯಾಗಿ ಕುಳಿತು ನೋಡಿದಾಗ ಹುಟ್ಟಿದಂಥವು. ಇದು ನನ್ನ ಅಭಿಪ್ರಾಯ. ಇದಕ್ಕೆ ಆಧಾರವೇನೆಂಬುದನ್ನು ನಿವೇದಿಸುವುದೇ ಈ ಲೇಖನದ ಉದ್ದೇಶ.

ಮೊದಲು ಮನೆತನದ ಮಾತು. ಮೈಸೂರಿನ ಚಿತ್ರಗಾರ ಕುಲಗಳು ತಮ್ಮ ಮೂಲವನ್ನು ವಿಜಯನಗರದವರೆಗೆ ಕೊಂಡೊಯ್ಯುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರ (೧೭೯೪–೧೮೬೮) ಆಶ್ರಯದಲ್ಲಿ ಈ ಕಸುಬು ವಿಶೇಷವಾಗಿ ಬೆಳೆಯಿತು. ‘ಶ್ರೀತತ್ತ್ವನಿಧಿ’ಯ ಸಚಿತ್ರ ಪ್ರತಿಗಳೂ ೧೮೬೧ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಭಿತ್ತಿಗಳೂ ಅದಕ್ಕೆ ಸಾಕ್ಷಿ. ನಮ್ಮ ಜಿಲ್ಲೆಯವರು ಇದನ್ನು ನೋಡಲು ಮೈಸೂರಿನವರೆಗೆ ಹೋಗಬೇಕಾಗಿಲ್ಲ. ಶ್ರವಣಬೆಳಗೊಳದ ಜೈನಮಠದ ಗೋಡೆಗಳಲ್ಲಿ ತೀರ್ಥಂಕರರ ಕಥೆಗಳ ನಡುವೆಯೇ ಮುಮ್ಮಡಿಯವರ ದಸರಾ ದರ್ಬಾರಿನ ಚಿತ್ರವೂ ಇದೆ. ಜಿನನ ಮಠದಲ್ಲಿ ಅರಸನ ದರ್ಬಾರನ್ನು ಬರೆದ ಆ ಚಿತ್ರಗಾರನ ಕೈಗೆ ಎರಡೂ ಒಂದೇ ಬಗೆಯ ಕೆಲಸ; ರೇಖೆ ನಡುಗಬಾರದು, ಬಣ್ಣ ಗೆರೆ ದಾಟಬಾರದು, ಅಷ್ಟೆ.

ಆ ಕೆಲಸದ ಕ್ರಮವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಮುಂದೆ ಬರುವ ಮಾತಿಗೆ ಅದೇ ಆಧಾರ. ಹಲಗೆಗೆ ಅಂಟಿಸಿದ ಬಟ್ಟೆ ಅಥವಾ ಕಾಗದದ ಮೇಲೆ ಹುಣಸೆಕಡ್ಡಿಯ ಇದ್ದಿಲಿನಿಂದ ಮೊದಲ ರೇಖೆ. ಅನಂತರ ಅಳಿಲಿನ ಕೂದಲಿನ ಸಣ್ಣ ಕುಂಚದಿಂದ ಬಣ್ಣ. ಆಭರಣ, ಕಿರೀಟ, ಪ್ರಭಾವಳಿ, ಸೀರೆಯ ಸೆರಗು ಬರಬೇಕಾದಲ್ಲಿ ಸಫೇದವನ್ನು ರೇವಲ್ಚೀನಿ ಹಾಲು ಮತ್ತು ಗೋಂದಿನೊಡನೆ ಅರೆದು ಮಾಡಿದ ‘ಮಕ್ಕಿಸಫೇದ’ವನ್ನು ಕುಂಚದಿಂದ ಪದರಪದರವಾಗಿ ಇಟ್ಟು ಸ್ವಲ್ಪವೇ ಉಬ್ಬಿಸುವುದು, ಅದರ ಮೇಲೆ ಚಿನ್ನದ ರೇಕು, ಕೊನೆಗೆ ತೆಳುಗಾಗದವನ್ನು ಮುಚ್ಚಿ ನಯವಾದ ಕಲ್ಲಿನಿಂದ ಉಜ್ಜುವುದು. ತಂಜಾವೂರಿನ ಚಿತ್ರಗಳಲ್ಲಿ ಉಬ್ಬು ಹೆಚ್ಚು, ಗಾಜು ಹರಳುಗಳ ಮೆರುಗೂ ಹೆಚ್ಚು. ಮೈಸೂರಿನ ಉಬ್ಬು ಕಣ್ಣಿಗಿಂತ ಬೆರಳಿಗೆ ಮೊದಲು ತಿಳಿಯುವಂಥದು. ಕಾಳಿನಷ್ಟು ಎತ್ತರದಲ್ಲಿ ಬೆಳಕನ್ನು ಹಿಡಿದಿಡುವ ಈ ವಿದ್ಯೆಯನ್ನು ಆ ಮನೆಗಳ ಮಕ್ಕಳು ಅಕ್ಷರಾಭ್ಯಾಸಕ್ಕೆ ಮುಂಚೆಯೇ ಕಲಿಯುತ್ತಿದ್ದರು. ಅರಮನೆಯ ಚಿತ್ರಕಾರರಾಗಿದ್ದ ಕೃಷ್ಣಪ್ಪನವರ ಮಗನಾಗಿ ವೆಂಕಟಪ್ಪನವರು ಬೆಳೆದದ್ದು ಇಂಥ ವಾತಾವರಣದಲ್ಲಿ.

ಆದರೆ ಅವರು ಹುಟ್ಟುವ ಹೊತ್ತಿಗೆ ಆ ಕಸುಬಿನ ಬೆಲೆ ಇಳಿಯತೊಡಗಿತ್ತು. ಅರಮನೆಯ ಅಭಿರುಚಿ ತೈಲಚಿತ್ರದ ಕಡೆ ತಿರುಗಿತ್ತು. ರಾಜಾ ರವಿವರ್ಮರು ಮೈಸೂರಿನ ಒಡೆಯರಿಗಾಗಿ ಚಿತ್ರಗಳನ್ನು ಬರೆದರು. ೧೮೯೪ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮ ಮುದ್ರಣಾಲಯದ ಕಲ್ಲಚ್ಚಿನ ಲಕ್ಷ್ಮಿ ಸರಸ್ವತಿಯರು ಹಳ್ಳಿಹಳ್ಳಿಗೆ ಬಂದರು. ಅರಕಲಗೂಡಿನ ನಮ್ಮ ಮನೆಯ ಪಡಸಾಲೆಯಲ್ಲಿಯೂ ಹೊಗೆಗೆ ಕಂದಿದ ಅಂಥದೊಂದು ಲಕ್ಷ್ಮಿಯ ಪಟವಿತ್ತು. ಅಜ್ಜಿಯ ಪಾಲಿಗೆ ಲಕ್ಷ್ಮಿ ಎಂದರೆ ಆ ಪಟದ ಮುಖವೇ. ಕೆಲವಾಣೆಗೆ ಇಂಥ ಪಟ ಸಿಗುವಾಗ ತಿಂಗಳುಗಟ್ಟಲೆ ಕುಳಿತು ಮಕ್ಕಿಸಫೇದ ಇಡುವವನ ಗತಿ ಏನಾಗಬೇಕು? ವೆಂಕಟಪ್ಪನವರ ವಿಚಾರಜೀವನ ಮೊದಲಾದದ್ದು ಈ ಬಿಕ್ಕಟ್ಟಿನಲ್ಲಿ ಎಂಬುದನ್ನು ಮರೆಯಬಾರದು. ಅಪ್ಪನ ಕಸುಬು ಅಪ್ಪನ ಕಾಲಕ್ಕೇ ಮುಗಿಯುತ್ತಿದೆ ಎಂದು ಕಂಡುಕೊಂಡ ಹುಡುಗ ಅವರು.

ನಾಲ್ವಡಿ ಕೃಷ್ಣರಾಜ ಒಡೆಯರು ಈ ತರುಣನ ಕೈಯನ್ನು ಗುರುತಿಸಿ ಶಿಕ್ಷಣಕ್ಕೆ ನೆರವಾದರು. ೧೯೦೯ರಲ್ಲಿ ವೆಂಕಟಪ್ಪನವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿದರು. ಅದು ಸ್ವದೇಶಿ ಚಳವಳಿಯ ಬಿಸಿ ಆರದ ಕಾಲ. ಪಾಶ್ಚಾತ್ಯ ಮಾದರಿಗಳನ್ನು ತೆಗೆದುಹಾಕಿ ಭಾರತೀಯ ಕಲೆಯನ್ನೇ ಪಾಠವಾಗಿಸಬೇಕೆಂದು ಹಟತೊಟ್ಟಿದ್ದ ಇ. ಬಿ. ಹ್ಯಾವೆಲ್ ಆ ಶಾಲೆಯನ್ನು ಬಿಟ್ಟಾಗಿತ್ತು. ಆದರೆ ಅವರು ಕರೆತಂದಿದ್ದ ಅವನೀಂದ್ರನಾಥರು ಉಪಪ್ರಾಂಶುಪಾಲರಾಗಿ ಅಲ್ಲಿದ್ದರು. ಪರ್ಸಿ ಬ್ರೌನ್ ಪ್ರಾಂಶುಪಾಲರಾಗಿದ್ದರು. ನಂದಲಾಲ ಬಸು, ಅಸಿತಕುಮಾರ ಹಾಲದಾರ, ಕ್ಷಿತೀಂದ್ರನಾಥ ಮಜುಂದಾರ್, ಸಮರೇಂದ್ರನಾಥ ಗುಪ್ತ ಮೊದಲಾದವರ ಒಡನಾಟ ದೊರೆಯಿತು. ಹೀಗೆ ರಕ್ತಸಂಬಂಧದ ಮನೆತನವನ್ನು ಬಿಟ್ಟು ಬಂದವರಿಗೆ ಗುರುಸಂಬಂಧದ ಮನೆತನವೊಂದು ಲಭಿಸಿತು. ಚಿತ್ರಗಾರನು ಅಪ್ಪಣೆಯನ್ನು ನೆರವೇರಿಸುವ ಊಳಿಗದವನಲ್ಲ, ಒಂದು ದೇಶದ ಮನಸ್ಸನ್ನು ಕಾಣಿಸುವವನು ಎಂಬ ಮಾತನ್ನು ಅವರು ಮೊದಲು ಕೇಳಿದ್ದು ಅಲ್ಲಿಯೇ ಇರಬೇಕು.

ಈ ಕಾಲದ ಅವರ ಕೆಲಸಗಳಲ್ಲಿ ಎರಡನ್ನು ಹೆಸರಿಸಿದರೆ ಸಾಕು. ಲೇಡಿ ಹೆರಿಂಗ್ಹ್ಯಾಮ್ ಅವರು ೧೯೦೯ರಿಂದ ೧೯೧೧ರವರೆಗಿನ ಅವಧಿಯಲ್ಲಿ ಅಜಂತೆಯ ಚಿತ್ರಗಳ ಪ್ರತಿ ಮಾಡಿಸಿದಾಗ ನಂದಲಾಲ, ಹಾಲದಾರ, ಗುಪ್ತರೊಡನೆ ವೆಂಕಟಪ್ಪನವರೂ ಆ ಗುಹೆಗಳಲ್ಲಿ ಕುಳಿತು ದುಡಿದರು. ಸೋದರಿ ನಿವೇದಿತಾ ಆರಂಭಿಸಿ, ಅವರು ೧೯೧೧ರಲ್ಲಿ ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿಯವರು ಪೂರೈಸಿದ, ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಗ್ರಂಥ ೧೯೧೩ರಲ್ಲಿ ಹೊರಬಂತು. ಅವನೀಂದ್ರನಾಥರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಅದರ ೩೨ ವರ್ಣಚಿತ್ರಗಳಲ್ಲಿ ರಾಮಾಯಣಕ್ಕೆ ಸಂಬಂಧಿಸಿದ ಹಲವು ವೆಂಕಟಪ್ಪನವರವು.

ಆ ರಾಮಾಯಣ ಚಿತ್ರಗಳನ್ನು ಅದೇ ಗ್ರಂಥದಲ್ಲಿರುವ ಇತರರ ಚಿತ್ರಗಳ ಪಕ್ಕದಲ್ಲಿಟ್ಟು ನೋಡಬೇಕು. ಜಪಾನಿನ ತೈಕಾನ್, ಶುನ್ಸೋ ಎಂಬ ಚಿತ್ರಕಾರರು ೧೯೦೩ರಲ್ಲಿ ಕಲ್ಕತ್ತೆಗೆ ಬಂದಿದ್ದಾಗ ಅವರಿಂದ ಅವನೀಂದ್ರನಾಥರು ಗ್ರಹಿಸಿದ ವಿಧಾನವೊಂದಿದೆ: ಚಿತ್ರವನ್ನು ಮತ್ತೆ ಮತ್ತೆ ನೀರಿನಲ್ಲಿ ತೋಯಿಸಿ, ಬಣ್ಣಗಳ ಅಂಚು ಕರಗಿ, ಎಲ್ಲವೂ ಮಂಜಿನಲ್ಲಿ ತೇಲುವಂತೆ ಮಾಡುವುದು. ಆ ಮಂಜೇ ಆ ಪಂಥದ ಗುರುತಾಯಿತು. ಕೆಲವರ ಕೈಯಲ್ಲಿ ಅದೇ ರೋಗವೂ ಆಯಿತೆಂದರೆ ಬಂಗಾಳದ ಅಭಿಮಾನಿಗಳು ಮುನಿಯಬಾರದು. ವೆಂಕಟಪ್ಪನವರಲ್ಲಿ ಅಂಚು ಕರಗುವುದಿಲ್ಲ. ಬಿಲ್ಲು ಬಿಲ್ಲಾಗಿಯೇ, ಎಲೆ ಎಲೆಯಾಗಿಯೇ ಉಳಿಯುತ್ತದೆ. ಗುರುವಿನ ವಿಷಯವನ್ನು ಸ್ವೀಕರಿಸಿದ ಶಿಷ್ಯನ ಕೈ ಗುರುವಿನ ವಿಧಾನಕ್ಕೆ ಪೂರ್ಣ ಒಪ್ಪಲಿಲ್ಲ. ಗೆರೆ ದಾಟಬಾರದು ಎಂದು ಚಿಕ್ಕಂದಿನಲ್ಲಿ ಕಲಿತ ಕೈ ಅದು. ಇದನ್ನು ಕೆಲವರು ಅವರ ಕಲ್ಪನಾದಾರಿದ್ರ್ಯವೆಂದು ಎಣಿಸಿದ್ದುಂಟು. ನನಗೆ ಅದು ಅವರ ಸ್ವಾತಂತ್ರ್ಯದ ಮೊದಲ ಗುರುತಾಗಿ ಕಾಣುತ್ತದೆ. ಆದರೆ ಆ ಸ್ವಾತಂತ್ರ್ಯ ಅವರಿಗೇ ಇನ್ನೂ ತಿಳಿದಿರಲಿಲ್ಲ.

ಸುಮಾರು ಏಳು ವರ್ಷ ಕಲ್ಕತ್ತೆಯಲ್ಲಿದ್ದು ಅವರು ಮೈಸೂರಿಗೆ ಮರಳಿದರು. ಇಲ್ಲಿಂದ ಮುಂದೆ ಅವರ ದಾರಿ ಸಹಪಾಠಿಗಳ ದಾರಿಯಿಂದ ಬೇರೆಯಾಗುತ್ತದೆ. ನಂದಲಾಲರು ಶಾಂತಿನಿಕೇತನದ ಕಲಾಭವನವನ್ನು ಕಟ್ಟಿದರು. ಹಾಲದಾರರು ಲಖನೌಗೆ, ಗುಪ್ತರು ಲಾಹೋರಿಗೆ, ಶೈಲೇಂದ್ರನಾಥ ದೇ ಅವರು ಜಯಪುರಕ್ಕೆ ಹೋಗಿ ಕಲಾಶಾಲೆಗಳ ಹೊಣೆ ಹೊತ್ತರು. ಹೀಗೆ ಅವನೀಂದ್ರರ ಒಂದು ಮನೆಯಿಂದ ದೇಶದ ತುಂಬ ಹತ್ತಾರು ಮನೆಗಳಾದವು. ಮೈಸೂರಿಗೆ ಬಂದವರು ಮಾತ್ರ ಯಾವ ಶಾಲೆಯನ್ನೂ ಕಟ್ಟಲಿಲ್ಲ. ಅವರು ಕೈಗೆತ್ತಿಕೊಂಡದ್ದು ವೀಣೆಯನ್ನು.

ವೈಣಿಕ ಶಿಖಾಮಣಿ ಶೇಷಣ್ಣನವರಲ್ಲಿ (೧೮೫೨–೧೯೨೬) ಅವರು ವೀಣೆಯನ್ನು ಅಭ್ಯಾಸ ಮಾಡಿದ ರೀತಿ ಹವ್ಯಾಸದ ಮಟ್ಟದ್ದಾಗಿರಲಿಲ್ಲ. ಚಿತ್ರರಚನೆ ಹಿಂದೆ ಸರಿಯುವಷ್ಟರ ಮಟ್ಟಿಗೆ ಅದು ಅವರನ್ನು ಆವರಿಸಿತು. ಮಿತ್ರರು ಮರುಗಿದರು. ಸ್ವತಃ ವೆಂಕಟಪ್ಪನವರೇ ತಮ್ಮ ಈ ಸ್ಥಿತಿಯನ್ನು ವಿಡಂಬಿಸಿ ‘ವೀಣೆಯ ಹುಚ್ಚು’ ಎಂಬ ಅರ್ಥದ ಹೆಸರಿನ ಒಂದು ಚಿತ್ರವನ್ನೂ ಬರೆದರು. ತಮ್ಮ ಗಾಂಭೀರ್ಯಕ್ಕಾಗಿ ಹೆಸರಾಗಿದ್ದ ಮನುಷ್ಯ ತಮ್ಮನ್ನೇ ನೋಡಿ ನಗಬಲ್ಲವರಾಗಿದ್ದರು ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ಅವರು ಮದುವೆಯಾಗಲಿಲ್ಲ. ಇಂಗ್ಲಿಷಿನಲ್ಲಿ ದಿನಚರಿಗಳನ್ನು ಬರೆದಿಡುತ್ತಿದ್ದರು. ಅಚ್ಚುಕಟ್ಟು, ಕಟ್ಟುನಿಟ್ಟು, ಬೇಗ ನೊಂದುಕೊಳ್ಳುವ ಸ್ವಭಾವ; ಇವು ಅವರನ್ನು ಬಲ್ಲವರೆಲ್ಲ ಒಪ್ಪಿ ಹೇಳಿದ ಗುಣಗಳು.

ವೀಣೆಯ ಈ ವರ್ಷಗಳು ಚಿತ್ರಕಲೆಗೆ ನಷ್ಟ ಎಂದು ಬರೆದವರುಂಟು. ಆ ತೀರ್ಮಾನಕ್ಕೆ ಮುನ್ನ ೧೯೨೬ರ ಊಟಿಯ ಜಲವರ್ಣಚಿತ್ರಗಳನ್ನು ನೋಡಬೇಕಾಗುತ್ತದೆ. ಸರೋವರದ ಮೇಲಿನ ಬೆಳಕು, ಮಳೆಗಾಲದ ಮೋಡ, ನೀಲಗಿರಿಯ ಇಳಿಜಾರು, ಬೆಳದಿಂಗಳಲ್ಲಿ ಮಲಗಿದ ಊರು: ಇವು ಆ ಚಿತ್ರಗಳ ವಸ್ತು. ಅನಂತರ ೧೯೩೪ರಲ್ಲಿ ಕೊಡೈಕನಾಲಿನಲ್ಲಿ ಅವರು ಈ ಬಗೆಯ ಕೆಲಸವನ್ನು ಮುಂದುವರಿಸಿದರು. ರಾಮನಿಲ್ಲ, ಬುದ್ಧನಿಲ್ಲ, ಅರಸನಿಲ್ಲ. ನಮ್ಮ ಪರಂಪರೆಯ ಚಿತ್ರಗಾರನಿಗೆ ಬೆಟ್ಟವೆಂದರೆ ಕೃಷ್ಣನು ಎತ್ತುವ ಬೆಟ್ಟ ಅಥವಾ ಶಿವನು ಕೂರುವ ಬೆಟ್ಟ. ಬರಿಯ ಬೆಟ್ಟವನ್ನು, ಅದು ಬೆಟ್ಟವಾಗಿದೆ ಎಂಬ ಒಂದೇ ಕಾರಣಕ್ಕೆ ಬರೆಯುವುದು ಆ ಮನೆತನದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಅದನ್ನು ಕೊಳ್ಳುವವರಿರಲಿಲ್ಲ.

ಚನ್ನರಾಯಪಟ್ಟಣದಲ್ಲಿ ಅಧ್ಯಾಪಕನಾಗಿದ್ದ ಕಾಲದಲ್ಲಿ ನಾನೊಮ್ಮೆ ವಿದ್ಯಾರ್ಥಿಗಳನ್ನು ಬೆಂಗಳೂರಿನ ಪ್ರವಾಸಕ್ಕೆ ಕರೆದೊಯ್ದಿದ್ದೆ. ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ೧೯೭೦ರ ದಶಕದಲ್ಲಿ ಸ್ಥಾಪಿತವಾದ, ವೆಂಕಟಪ್ಪನವರ ಹೆಸರಿನ ಚಿತ್ರಶಾಲೆಗೂ ಹೋದೆವು. ಊಟಿಯ ಚಿತ್ರವೊಂದರ ಮುಂದೆ ನಿಂತ ಹುಡುಗನೊಬ್ಬ, “ಇದರಲ್ಲಿ ಯಾರೂ ಇಲ್ಲವಲ್ಲ ಸಾರ್” ಎಂದ. ನಾನು ಆಗ ಏನೋ ಹೇಳಿ ಮುಂದೆ ಕಳಿಸಿದೆ. ಆದರೆ ಹುಡುಗ ಸರಿಯಾದುದನ್ನೇ ಕಂಡಿದ್ದ. ಯಾರೂ ಇಲ್ಲದಿರುವುದೇ ಆ ಚಿತ್ರದ ಸಾಹಸ. ನೋಡುತ್ತಿರುವ ಒಬ್ಬನು ಮಾತ್ರ ಇದ್ದಾನೆ, ಅವನು ಚೌಕಟ್ಟಿನ ಈಚೆಗಿದ್ದಾನೆ.

ಇದು ಕೇವಲ ಪಾಶ್ಚಾತ್ಯ ನಿಸರ್ಗಚಿತ್ರದ ಅನುಕರಣೆಯೇ? ಹಾಗೆ ಹೇಳುವವರು ಆ ಚಿತ್ರಗಳ ಹತ್ತಿರ ಹೋಗಿ ನೋಡಿಲ್ಲ. ಇಂಗ್ಲಿಷ್ ಜಲವರ್ಣಕಾರನು ಒದ್ದೆ ಕುಂಚದಿಂದ ಒಂದೇ ಬೀಸಿನಲ್ಲಿ ಆಕಾಶವನ್ನು ಮುಗಿಸುತ್ತಾನೆ. ಅವನ ಚಿತ್ರದಲ್ಲಿ ವೇಗವೇ ಸೊಗಸು. ವೆಂಕಟಪ್ಪನವರ ಮೋಡದಲ್ಲಿ ವೇಗವಿಲ್ಲ. ಅದು ಕುಂಚದ ತುದಿಯಿಂದ ಪದರಪದರವಾಗಿ ಕಟ್ಟಿದ ಮೋಡ. ಮಂಜು ಕವಿದ ಕಡೆಯಲ್ಲಿಯೂ, ಆ ಮಂಜಿನ ಯಾವ ಭಾಗ ಹತ್ತಿರ ಯಾವುದು ದೂರ ಎಂದು ಎಣಿಸಿಟ್ಟಂತಿರುತ್ತದೆ. ಅವನೀಂದ್ರರ ಮಂಜು ವಸ್ತುವನ್ನು ಮರೆಸಿದರೆ ಇವರ ಮಂಜು ವಸ್ತುವೇ ಆಗಿದೆ. ಮಕ್ಕಿಸಫೇದವನ್ನು ಪದರಪದರವಾಗಿಟ್ಟು ಒಣಗಲು ಕಾಯುವ ತಾಳ್ಮೆಯಿಂದ ಹೊರತು ಇದನ್ನು ಬೇರೆ ಯಾವುದರಿಂದಲೂ ವಿವರಿಸಲು ನನಗೆ ಸಾಧ್ಯವಾಗಿಲ್ಲ. ವೀಣೆಯ ಅಭ್ಯಾಸವೂ ಇಲ್ಲಿ ಬಂದು ಸೇರಿದೆಯೆಂದು ತೋರುತ್ತದೆ. ಒಂದೇ ಸ್ವರವನ್ನು ಅದರ ನಾದ ಅಡಗುವವರೆಗೆ ಕೇಳುತ್ತ ಕೂರಬಲ್ಲವನು ಒಂದೇ ಬಣ್ಣ ಬೆಳಗಿನಿಂದ ಬೈಗಿಗೆ ಹೇಗೆ ಇಳಿಯುತ್ತದೆಂಬುದನ್ನೂ ಕೂತು ನೋಡಬಲ್ಲ. ಇದು ಊಹೆಯೆಂದು ವಾಚಕರು ತಳ್ಳಿಹಾಕಿದರೆ ನನ್ನ ಆಕ್ಷೇಪವಿಲ್ಲ.

ಈ ಚಿತ್ರಗಳನ್ನು ಬರೆದ ಮೇಲೆ ಅವರು ಅದೇ ದಾರಿಯಲ್ಲಿ ಇನ್ನೂ ಬಹುದೂರ ಹೋಗಬೇಕಿತ್ತು ಎಂದು ನಾನು ಭಾವಿಸುತ್ತೇನೆ. ಹೋಗಲಿಲ್ಲ. ಅವರ ಉತ್ತರಾರ್ಧದ ಶಕ್ತಿಯಲ್ಲಿ ಬಹುಪಾಲು ಅರಮನೆಗಾಗಿ ಕೈಗೊಂಡ ಉಬ್ಬುಶಿಲ್ಪಗಳಿಗೆ, ಪ್ಯಾರಿಸ್ ಗಾರೆಯಲ್ಲಿ ಮಾಡಿದ ಪುರಾಣ ಮತ್ತು ಕಾವ್ಯ ಸನ್ನಿವೇಶಗಳಿಗೆ, ಸಂದಿತು. ಶಿವತಾಂಡವ, ಶಕುಂತಲೆಯ ಬೀಳ್ಕೊಡುಗೆ ಮೊದಲಾದವು ಈ ಬಗೆಯವು. ಊಟಿಯ ಚಿತ್ರಗಳಲ್ಲಿ ಅರಸನನ್ನೂ ಪುರಾಣವನ್ನೂ ದಾಟಿ ಹೋಗಿದ್ದವರು ಮತ್ತೆ ಅವೆರಡರ ಬಳಿಗೆ ಬಂದರಲ್ಲ ಎಂದು ಮೊದಲ ನೋಟಕ್ಕೆ ನಿರಾಶೆಯಾಗುತ್ತದೆ. ತಾಂಡವದ ವಿಷಯದಲ್ಲಿ ನನ್ನ ನಿರಾಶೆ ಇನ್ನೂ ಉಳಿದಿದೆ. ಹಳೇಬೀಡಿನ ಗೋಡೆಗಳ ಕುಣಿಯುವ ಶಿವನನ್ನು ಕಂಡು ಬೆಳೆದ ನಮ್ಮ ಕಡೆಯವರ ಕಣ್ಣಿಗೆ ಇಲ್ಲಿ ಎಲ್ಲವೂ ಅತಿಯಾಗಿ ನಯಗೊಂಡಿದೆ, ಕಾಲಿನ ಕೆಳಗೆ ನೆಲ ನಡುಗುವುದಿಲ್ಲ.

ಆದರೆ ಗಾರೆಯ ಕೆಲಸವನ್ನಷ್ಟೇ ನೋಡಿದರೆ ಬೇರೆ ಮಾತು ಹೇಳಬೇಕಾಗುತ್ತದೆ. ಈ ಶಿಲ್ಪಗಳ ಉಬ್ಬು ಬಹಳ ಕಡಮೆ. ಆಕೃತಿ ಹಿನ್ನೆಲೆಯಿಂದ ಬಿಡಿಸಿಕೊಂಡು ಹೊರಬರುವುದಿಲ್ಲ. ಅಂಚು ಹಿನ್ನೆಲೆಯೊಳಗೆ ಮೆಲ್ಲಗೆ ಇಳಿದು ಸೇರುತ್ತದೆ. ಕಲ್ಲಿನಲ್ಲಿ ಕಡೆದು ತೆಗೆಯುವವನು ಹೀಗೆ ಯೋಚಿಸುವುದಿಲ್ಲ. ಸಮತಲದ ಮೇಲೆ ಸ್ವಲ್ಪ ಸ್ವಲ್ಪವಾಗಿ ಇಡುತ್ತ ಹೋಗುವವನು ಹೀಗೆ ಯೋಚಿಸುತ್ತಾನೆ. ಶಿಲ್ಪಿಯ ವಿದ್ಯೆಗಿಂತ ಇದು ಚಿತ್ರಗಾರನ ಮಕ್ಕಿಸಫೇದದ ವಿದ್ಯೆ; ಅಂಗೈಯಗಲದ ಕಿರೀಟದಿಂದ ಗೋಡೆಯಗಲಕ್ಕೆ ಬೆಳೆದಿದೆ, ಚಿನ್ನದ ರೇಕನ್ನು ಕಳಚಿಟ್ಟಿದೆ. ಐವತ್ತರ ಆಚೀಚೆಗೆ ವೆಂಕಟಪ್ಪನವರು ಮರಳಿದ್ದು ಅರಸನ ಬಳಿಗೆ ಎಂಬುದಕ್ಕಿಂತ ಅಪ್ಪನ ಬಳಿಗೆ ಎಂದರೆ ಹೆಚ್ಚು ಸರಿಯಾದೀತು.

ನನ್ನ ಈ ಅಭಿಪ್ರಾಯಕ್ಕೆ ಪಂಡಿತರ ಆಧಾರವಿಲ್ಲ. ಒಬ್ಬ ಹಳೆಯ ವಿದ್ಯಾರ್ಥಿಯ ಆಧಾರವಿದೆ. ಹೊಳೆನರಸೀಪುರದಲ್ಲಿ ನಾನು ಪಾಠ ಹೇಳುತ್ತಿದ್ದಾಗ ಚಿತ್ರಗಾರರ ಮನೆಯ ಹುಡುಗನೊಬ್ಬ ತರಗತಿಯಲ್ಲಿದ್ದ. ಅವನ ತಂದೆ ಗೌರಿ ಗಣೇಶ ಮಾಡುತ್ತಿದ್ದರು, ಗುಡಿಗಳ ವಾಹನಗಳಿಗೆ ಬಣ್ಣ ಹಚ್ಚುತ್ತಿದ್ದರು. ಹುಡುಗನ ನೋಟುಪುಸ್ತಕದ ಅಂಚುಗಳೆಲ್ಲ ಗಂಡಭೇರುಂಡ, ಹಂಸಗಳಿಂದ ತುಂಬಿರುತ್ತಿದ್ದವು. “ಇದರಿಂದ ಹೊಟ್ಟೆ ತುಂಬುವುದಿಲ್ಲ, ಲೆಕ್ಕ ಕಲಿ” ಎಂದು ಗದರಿದವನು ನಾನೇ. ಅವನು ಲೆಕ್ಕ ಕಲಿತ, ಕಚೇರಿಯೊಂದರಲ್ಲಿ ಗುಮಾಸ್ತನಾದ. ನಾನು ನಿವೃತ್ತನಾಗಿ ಹಾಸನದಲ್ಲಿ ನೆಲೆಸಿದ ಮೇಲೆ ಒಮ್ಮೆ ಮನೆಗೆ ಬಂದಿದ್ದಾಗ ವೆಂಕಟಪ್ಪನವರ ಉಬ್ಬುಶಿಲ್ಪದ ಒಂದು ಛಾಯಾಚಿತ್ರವನ್ನು ತೋರಿಸಿದೆ. ಅವನು ಕನ್ನಡಕ ತೆಗೆದು ಹತ್ತಿರ ಹಿಡಿದು ನೋಡಿ, “ಅಂಚು ಹೀಗೆ ಇಳಿಯಬೇಕು ಅಂತಲೇ ನಮ್ಮಪ್ಪ ಹೊಡೆಯುತ್ತಿದ್ದುದು ಸಾರ್, ಇದು ಸಫೇದ ಇಡುವ ಕೈ” ಎಂದ. ಯಾರು ಮಾಡಿದ್ದು, ಯಾವ ಮನೆತನ ಎಂದು ನಾನಿನ್ನೂ ಹೇಳಿರಲಿಲ್ಲ.

೧೯೪೦ರ ಆಗಸ್ಟಿನಲ್ಲಿ ನಾಲ್ವಡಿಯವರು ತೀರಿಕೊಂಡರು. ಅನಂತರ ಅರಮನೆಯ ಆಡಳಿತಕ್ಕೂ ವೆಂಕಟಪ್ಪನವರಿಗೂ ವಹಿಸಿದ ಕೆಲಸದ ವಿಷಯವಾಗಿ ಮನಸ್ತಾಪ ಬೆಳೆದು ಅವರು ನ್ಯಾಯಾಲಯಕ್ಕೆ ಹೋದರು. ಅರಮನೆಯ ಅನ್ನವುಂಡ ಮನೆತನದವನು ಅರಮನೆಯ ಮೇಲೆ ದಾವೆ ಹೂಡಿದನಲ್ಲ ಎಂದು ಹಳಬರು ಕೃತಘ್ನತೆಯ ಮಾತನ್ನಾಡಿದ್ದರೆ ಆಶ್ಚರ್ಯವಿಲ್ಲ. ಈಚಿನ ವಿದ್ವಾಂಸರು, ಮುಖ್ಯವಾಗಿ ಇತಿಹಾಸಜ್ಞೆ ಜಾನಕಿ ನಾಯರ್ ಅವರು, ಆಶ್ರಿತನಿದ್ದವನು ಸಾರ್ವಜನಿಕ ವ್ಯಕ್ತಿಯಾದ ಬಗೆಯನ್ನು ವೆಂಕಟಪ್ಪನವರ ಜೀವನದಲ್ಲಿ ಹುಡುಕಿದ್ದಾರೆ. ತೀರ್ಪಿಗಿಂತ ದಾವೆಯ ಹಿಂದಿನ ವಿಚಾರ ನನಗೆ ಮುಖ್ಯ. ತಂದೆಯ ಕಾಲದ ಚಿತ್ರಗಾರನಿಗೆ ಅರಸನು ಕೊಟ್ಟದ್ದು ಅನುಗ್ರಹ. ಕೊಡದಿದ್ದರೆ ಅದು ಅವನ ಗ್ರಹಚಾರ. ಮಗನಿಗೆ ಅದು ಋಣ, ಸಲ್ಲಬೇಕಾದ ಬೆಲೆ. ಕಲ್ಕತ್ತೆಯಲ್ಲಿ ಕಲಿತ ಅಭ್ಯಾಸ ಇಲ್ಲಿ ಫಲ ಕೊಟ್ಟಿತು. ಅವರ ಆಧುನಿಕತೆಯನ್ನು ಚಿತ್ರದ ಶೈಲಿಯಲ್ಲಷ್ಟೇ ಹುಡುಕುವವರು ಈ ದಾವೆಯನ್ನು ಒಂದು ಅಪ್ರಿಯ ಪ್ರಸಂಗವೆಂದು ಬಿಟ್ಟುಬಿಡುತ್ತಾರೆ. ನಾನು ಅದನ್ನು ಅವರ ಕೃತಿಗಳ ಸಾಲಿನಲ್ಲಿಯೇ ಇಡುತ್ತೇನೆ.

ಶರಣಸಾಹಿತ್ಯದ ಪರಿಚಯವುಳ್ಳ ನಮ್ಮ ವಾಚಕರಿಗೆ ಇಲ್ಲಿ ಕಾಯಕದ ನೆನಪಾಗುವುದು ಸಹಜ. ವೆಂಕಟಪ್ಪನವರನ್ನು ‘ಕಾಯಕಯೋಗಿ’ ಎಂದು ಕೊಂಡಾಡಿದ ಭಾಷಣವೊಂದನ್ನು ನಾನೂ ಕೇಳಿದ್ದೇನೆ. ಆ ಮಾತನ್ನು ತೂಗಿ ನೋಡಬೇಕು. ದುಡಿಮೆಗೆ ತಕ್ಕ ಬೆಲೆಯನ್ನು ಕೇಳುವುದು ಶರಣರ ದೃಷ್ಟಿಯಲ್ಲಿ ತಪ್ಪಲ್ಲ. ಆಯ್ದಕ್ಕಿ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಒಪ್ಪಲಿಲ್ಲ. ತಕ್ಕಷ್ಟನ್ನು ಬೇಡವೆಂದೂ ಆಕೆ ಹೇಳಲಿಲ್ಲ. ಆ ಅಳತೆಯ ನಿಷ್ಠೆ ವೆಂಕಟಪ್ಪನವರಲ್ಲಿತ್ತು. ತಮ್ಮ ಮನಸ್ಸಿಗೆ ಒಪ್ಪದ ಕೆಲಸವನ್ನು ಮುಗಿಯಿತೆನ್ನದ ಛಲವೂ ಇತ್ತು. ಆದರೆ ಶರಣರಲ್ಲಿ ಕಾಯಕವೆಂಬುದು ಒಂಟಿ ಪದವಲ್ಲ. ಅದರ ಜೊತೆಗೆ ದಾಸೋಹವಿದೆ. ನುಲಿಯ ಚಂದಯ್ಯನು ಹಗ್ಗ ಹೊಸೆದದ್ದು ಹಗ್ಗದ ಚೆಲುವಿಗಾಗಿ ಅಲ್ಲ, ಅದರಿಂದ ಬಂದದ್ದನ್ನು ಜಂಗಮಕ್ಕೆ ಸಲ್ಲಿಸುವುದಕ್ಕಾಗಿ. ವೆಂಕಟಪ್ಪನವರು ತಮ್ಮ ವಿದ್ಯೆಯನ್ನು ಯಾರಿಗೆ ಸಲ್ಲಿಸಿದರು? ಅವರ ಹೆಸರು ಹೇಳಿಕೊಂಡು ಒಂದು ಶಿಷ್ಯಪರಂಪರೆ ಬೆಳೆಯಲಿಲ್ಲ. ತಂದೆಯಿಂದ ಮಗನಿಗೆ ತಲೆಮಾರುಗಟ್ಟಲೆ ಇಳಿದು ಬಂದದ್ದು, ಕಲ್ಕತ್ತೆಯಲ್ಲಿ ಹೊಸ ಹುರುಪನ್ನು ಪಡೆದದ್ದು, ಅವರಲ್ಲಿಗೆ ಬಂದು ನಿಂತಿತು.

ಇದೇ ಕಾಲದಲ್ಲಿ ಬೆಂಗಳೂರಿನಲ್ಲಿ ಅ. ನ. ಸುಬ್ಬರಾಯರು ೧೯೧೯ರಲ್ಲಿ ಕಲಾಮಂದಿರವನ್ನು ತೆರೆದು ಎಷ್ಟೋ ಮಕ್ಕಳಿಗೆ ಕುಂಚ ಹಿಡಿಯಲು ಕಲಿಸಿದರು. ರುಮಾಲೆ ಚನ್ನಬಸವಯ್ಯನವರಂಥವರು (೧೯೧೦–೧೯೮೮) ಅಲ್ಲಿಂದ ಬಂದರು. ಕೈಚಳಕದಲ್ಲಿ ಸುಬ್ಬರಾಯರನ್ನು ವೆಂಕಟಪ್ಪನವರೊಡನೆ ಹೋಲಿಸುವಂತಿಲ್ಲ. ಆದರೆ ಕನ್ನಡನಾಡಿನಲ್ಲಿ ಚಿತ್ರ ಕಲಿತವರ ಸಂಖ್ಯೆ ಹೆಚ್ಚಿದ್ದು ಯಾರಿಂದ ಎಂದು ಕೇಳಿದರೆ ಉತ್ತರ ಹೇಳಲು ಕಷ್ಟವಿಲ್ಲ.

ಇಷ್ಟು ಹೇಳಿದ ಮೇಲೆ ಅವರ ಪರವಾಗಿ ಒಂದು ಮಾತನ್ನು ಸೇರಿಸದಿದ್ದರೆ ಅನ್ಯಾಯವಾದೀತು. ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಬಹುಮಟ್ಟಿಗೆ ಏಕಾಂತದಲ್ಲಿ ಕಳೆದರು. ಕಂಡಕಂಡವರಿಗೆ ಚಿತ್ರಗಳನ್ನು ಮಾರಿ ಚದುರಿಸಲಿಲ್ಲ. ಆದ್ದರಿಂದಲೇ ಅವರ ಮುಖ್ಯ ಕೃತಿಗಳು ಒಂದೆಡೆ ಉಳಿದು, ಸಾರ್ವಜನಿಕರು ನೋಡುವಂತಾಯಿತು. ೨೦೧೫–೧೬ರಲ್ಲಿ ಆ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಯೋಚನೆ ಬಂದಾಗ ರಾಜ್ಯದ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು. ಅವರಲ್ಲಿ ಬಹುಮಂದಿ ವೆಂಕಟಪ್ಪನವರ ಶೈಲಿಗೂ ರುಚಿಗೂ ತೀರ ದೂರದವರು. ಅವರನ್ನು ಕಣ್ಣಿನಿಂದ ಕಂಡವರಂತೂ ವಿರಳ. ಒಬ್ಬ ಶಿಷ್ಯನನ್ನೂ ಮಾಡಿಕೊಳ್ಳದವರ ಮನೆಯನ್ನು ಕಾಯಲು ಇಷ್ಟು ಮಂದಿ ಬಂದರು. ಇದನ್ನು ಯಾವ ಬಗೆಯ ಬಂಧುತ್ವವೆಂದು ಕರೆಯಬೇಕೋ ನನಗೆ ತಿಳಿಯದು. ದಾಸೋಹದ ಬಗ್ಗೆ ಮೇಲೆ ಆಡಿದ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಬರೆಯುವಾಗ ಇದ್ದಷ್ಟು ಖಚಿತವಾಗಿ ಈಗ ಅದು ಕೇಳಿಸುತ್ತಿಲ್ಲ.

ಕಲಾವಿದ್ಯಾರ್ಥಿಗಳಲ್ಲಿ ನನ್ನದೊಂದು ಅರಿಕೆ. ವೆಂಕಟಪ್ಪನವರನ್ನು ನೋಡಲು ಹೋಗುವ ಮುನ್ನ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಳೆಯ ಸಂಪ್ರದಾಯದ ಚಿತ್ರವೊಂದರ ಮುಂದೆ ಸಾಕಷ್ಟು ಹೊತ್ತು ನಿಲ್ಲಿರಿ. ಎದುರಿನಿಂದ ನೋಡಿದರೆ ಉಬ್ಬು ಕಾಣದು. ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳುವಲ್ಲಿ ನಿಂತು ನೋಡಬೇಕು. ಅನಂತರ ಬೆಂಗಳೂರಿಗೆ ಬಂದು ಮೊದಲು ಗಾರೆಯ ಉಬ್ಬುಶಿಲ್ಪಗಳನ್ನು ಅದೇ ರೀತಿ ಪಕ್ಕದಿಂದ ನೋಡಿ, ಊಟಿಯ ಚಿತ್ರಗಳನ್ನು ಕೊನೆಗೆ ಇಟ್ಟುಕೊಳ್ಳಿರಿ. ಈ ಕ್ರಮದಲ್ಲಿ ನೋಡಿದವರು ನನ್ನ ಅಭಿಪ್ರಾಯ ತಪ್ಪೆಂದು ಬರೆದರೆ ಓದಲು ಸಿದ್ಧನಿದ್ದೇನೆ.